ಗೂಸ್ ಗೀಸ್ ಆಯಿತು, ಮುಂಗುಸಿ ಯಾಕಾಗಲಿಲ್ಲ?

ಹೆಬ್ಬಾತು ಒಂದಿದ್ದರೆ ಇಂಗ್ಲಿಷಿನಲ್ಲಿ ಗೂಸ್, ಎರಡಾದರೆ ಗೀಸ್. ಹಾಗಾದರೆ ಮುಂಗುಸಿ ಒಂದಿದ್ದರೆ ಮಾಂಗೂಸ್, ಎರಡಾದರೆ? ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಗೆಳೆಯರ ಗುಂಪಿನಲ್ಲಿ ಈ ಪ್ರಶ್ನೆ ಎಸೆದು ನೋಡಿ. ಕೆಲವರು ತಟ್ಟನೆ 'ಮಾಂಗೀಸ್' ಅನ್ನುತ್ತಾರೆ. ಇನ್ನು ಕೆಲವರು ಇದರಲ್ಲೇನೋ ಮೋಸವಿದೆ ಎಂದು ಬಾಯಿ ಮುಚ್ಚಿಕೊಳ್ಳುತ್ತಾರೆ. ರೂಢಿಯಲ್ಲಿರುವ ಉತ್ತರ ಮಾಂಗೂಸಸ್. ಯಾಕೆ ಎಂದು ಕೇಳಿದರೆ ಹೆಚ್ಚಿನ ಕಡೆ ಸಿಗುವುದು ಒಂದೇ ಮಾತು: 'ಅದು ಎಕ್ಸೆಪ್ಷನ್, ಉರು ಹೊಡೀರಿ.'

ಆದರೆ ಕಾರಣ ಇದೆ, ಅದೂ ನಮ್ಮ ಕಡೆಯಲ್ಲೇ ಇದೆ. ಮಾಂಗೂಸ್ ಎಂಬುದು ಇಂಗ್ಲಿಷರ ಮನೆಯಲ್ಲಿ ಹುಟ್ಟಿದ ಪದವಲ್ಲ. ಮರಾಠಿಯ ಮುಂಗೂಸ್‌ನಿಂದ ಹದಿನೇಳನೇ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲಿಷಿಗೆ ಹೋದದ್ದು. ಮರಾಠಿಗೆ ಅದು ದ್ರಾವಿಡ ಭಾಷೆಗಳಿಂದಲೇ ಬಂದಿರಬಹುದೆಂದು ಊಹಿಸುವ ವಿದ್ವಾಂಸರು ನಮ್ಮ 'ಮುಂಗಿಸಿ', ತೆಲುಗಿನ 'ಮುಂಗಿಸ'ಗಳತ್ತ ಬೆರಳು ತೋರಿಸುತ್ತಾರೆ. ಬಾತುಕೋಳಿಗೂ ಅದಕ್ಕೂ ನಂಟೇ ಇಲ್ಲ. ಕೊನೆಯಲ್ಲಿ 'ಗೂಸ್' ಎಂಬ ಸದ್ದು ಕೂಡಿಬಂದಿದೆ ಅಷ್ಟೇ. ಗೂಸ್ ಗೀಸ್ ಆದದ್ದು ಸಾವಿರಕ್ಕೂ ಹೆಚ್ಚು ವರ್ಷದ ಹಿಂದೆ, ಇಂಗ್ಲಿಷರ ಪೂರ್ವಜರ ಬಾಯಲ್ಲಿ. ಮುಂಗುಸಿ ಆ ಮನೆಗೆ ಕಾಲಿಡುವಾಗ ಆ ಬದಲಾವಣೆಯ ಕಾಲ ಎಂದೋ ಮುಗಿದಿತ್ತು. ತಡವಾಗಿ ಬಂದ ನೆಂಟನಿಗೆ ಸಿಕ್ಕಿದ್ದು ಎಲ್ಲರಿಗೂ ಬಡಿಸುವ ಮಾಮೂಲಿ ಎಸ್ ಮಾತ್ರ.

ಇಂಗ್ಲಿಷಿನ ಅಡ್ಡಾದಿಡ್ಡಿ ಬಹುವಚನಗಳ ವಿಷಯದಲ್ಲಿ ನಾನು ಹೇಳಬೇಕೆಂದಿರುವುದು ಇಷ್ಟೇ. ಅವು ಅಡ್ಡಾದಿಡ್ಡಿ ಅಲ್ಲ. ಮಾರ್ಗದರ್ಶಿ ಪುಸ್ತಕಗಳಲ್ಲಿ ಎರಡು ಕಾಲಂ ಮಾಡಿ ಮುದ್ರಿಸುವ ಪಟ್ಟಿಯಲ್ಲಿ ಲೌಸ್-ಲೈಸ್ ಪಕ್ಕದಲ್ಲಿ ಇಂಡೆಕ್ಸ್-ಇಂಡಿಸೀಸ್, ಅದರ ಕೆಳಗೆ ಶೀಪ್-ಶೀಪ್ ಎಂದು ಜಾತ್ರೆಯ ಜನರ ಹಾಗೆ ನಿಲ್ಲಿಸಿರುತ್ತಾರೆ. ಯಾರು ಯಾವ ಮನೆಯವರು ಎಂದು ಗೊತ್ತಾಗುವುದೇ ಇಲ್ಲ. ಮನೆತನ ಗೊತ್ತಾದರೆ ಉರು ಹೊಡೆಯಬೇಕಾದ್ದು ಬಹಳ ಕಡಿಮೆ. ಇನ್ನೊಂದು ಮಾತು: ಆ ಮನೆತನಗಳಲ್ಲಿ ನಡೆದದ್ದೆಲ್ಲ ನಮ್ಮ ಕನ್ನಡದಲ್ಲೂ ನಡೆದಿದೆ.

ಇದಕ್ಕೆ ಇಷ್ಟು ಮಹತ್ವ ಯಾಕೆ ಎಂದು ಕೇಳಬಹುದು. ಸರ್ಕಾರಿ ಕನ್ನಡ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿ ಬಂದದ್ದು 2007ರಲ್ಲಿ. ನನ್ನ ವಯಸ್ಸಿನವರು ಅದರ ನಂತರದ ಬೆಳೆ. ಆದರೂ ಎಂಜಿನಿಯರಿಂಗ್ ಮೂರನೇ ವರ್ಷದ ಹೊತ್ತಿಗೆ ಪ್ಲೇಸ್‌ಮೆಂಟ್ ತಯಾರಿ ಶುರುವಾದಾಗ ಕನ್ನಡ ಮಾಧ್ಯಮದಿಂದ ಬಂದವರು ಹಿಂದಿನ ಬೆಂಚಿಗೆ ಸರಿಯುವುದನ್ನು ಕಾಣುತ್ತಿದ್ದೇನೆ. ಒಂದು ಅಣಕು ಗುಂಪು ಚರ್ಚೆಯಲ್ಲಿ ಚೆನ್ನಾಗಿ ಓದುವ ಹುಡುಗಿಯೊಬ್ಬಳು 'ಚಿಲ್ಡ್ರನ್ಸ್' ಅಂದಳು. ಇಬ್ಬರು ಮೂವರು ಕಿಸಕ್ಕೆಂದರು. ಆಕೆ ಆಮೇಲೆ ಉಳಿದ ಹತ್ತು ನಿಮಿಷ ಬಾಯಿ ಬಿಡಲಿಲ್ಲ. ವಿಷಯ ಅವಳಿಗೇ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಒಂದು ಎಸ್‌ಗಾಗಿ ಆ ಹತ್ತು ನಿಮಿಷ ಹೋಯಿತು. ನಕ್ಕವರಿಗೆ 'ಚಿಲ್ಡ್ರನ್' ಪದದ ಕಥೆ ಗೊತ್ತಿದ್ದರೆ ನಗುತ್ತಿರಲಿಲ್ಲ ಅನಿಸುತ್ತದೆ.

ಆ ಕಥೆ ಹೀಗಿದೆ. ಹಳೆಯ ಇಂಗ್ಲಿಷಿನಲ್ಲಿ ಚೈಲ್ಡ್‌ಗೆ ಬಹುವಚನ 'ಚಿಲ್ಡ್ರು'. ಅದು ಸವೆದು 'ಚಿಲ್ಡರ್' ಆಯಿತು. ಮಕ್ಕಳು ಅನ್ನುವುದಕ್ಕೆ ಅಷ್ಟು ಸಾಕಿತ್ತು. ಇಂಗ್ಲೆಂಡಿನ ಉತ್ತರದ ಕೆಲವು ಆಡುನುಡಿಗಳಲ್ಲಿ ಬಹುಕಾಲ ಹಾಗೆಯೇ ಉಳಿಯಿತು. ಆದರೆ ದಕ್ಷಿಣದವರಿಗೆ ಆ ಕೊನೆಯ 'ರ್' ಬಹುವಚನದ ಗುರುತು ಎಂಬುದು ಮರೆತುಹೋಯಿತು. ಆಗ ಅಲ್ಲಿ ಬಳಕೆಯಲ್ಲಿದ್ದ ಇನ್ನೊಂದು ಬಹುವಚನ ಪ್ರತ್ಯಯ 'ಎನ್' ಅನ್ನು ಅದರ ಮೇಲೆ ಮತ್ತೆ ಹಚ್ಚಿದರು. ಚಿಲ್ಡರ್‌ಗೆ ಎನ್ ಸೇರಿ ಚಿಲ್ಡ್ರನ್. ಅಂದರೆ ಇಂದು ಸರಿ ಎನ್ನಿಸಿಕೊಂಡಿರುವ ಚಿಲ್ಡ್ರನ್ ಕೂಡ ಎರಡು ಸಲ ಬಹುವಚನ ಮಾಡಿದ ಪದವೇ. ನಮ್ಮ ಹುಡುಗಿ ಮೂರನೇ ಸಲ ಮಾಡಿದಳು, ಅಷ್ಟೇ ವ್ಯತ್ಯಾಸ. ಬ್ರದರ್‌ಗಿದ್ದ ಹಳೆಯ ಬಹುವಚನ 'ಬ್ರೆದ್ರನ್' ಕೂಡ ಇದೇ ಎನ್ ಹಚ್ಚಿಕೊಂಡದ್ದು.

ಕನ್ನಡದಲ್ಲಿ ನಾವು ಇದನ್ನು ದಿನಾ ಮಾಡುತ್ತೇವೆ. 'ಅವರು' ಬಹುವಚನವೇ. ಆದರೆ ಗೌರವಕ್ಕಾಗಿ ಒಬ್ಬರಿಗೂ ಅವರು ಎಂದು ಹೇಳಿ ಹೇಳಿ ಅದರ ಬಹುವಚನದ ಕಸುವು ಕುಂದಿತು. ಈಗ ನಿಜವಾಗಿ ಹಲವರಿದ್ದಾಗ 'ಅವರುಗಳು' ಅನ್ನುತ್ತೇವೆ. ದೇವರು ಒಬ್ಬನೇ ಆದರೂ ದೇವರು, ಹಲವಾದರೆ ದೇವರುಗಳು. ಭಾಷಣಕಾರರು 'ಮಕ್ಕಳುಗಳೇ' ಎಂದು ಕರೆಯುವುದನ್ನೂ ಕೇಳಿದ್ದೇವೆ. ಹಳತು ಸವೆದಾಗ ಮೇಲೊಂದು ಹೊಸದನ್ನು ಹಚ್ಚುವುದು ಮನುಷ್ಯರ ನಾಲಿಗೆಯ ಸ್ವಭಾವ. ಅದು ಗದ್ದೆಯಂಚಿನ ಕನ್ನಡಿಗನಿಗೂ ಒಂದೇ, ಥೇಮ್ಸ್ ದಂಡೆಯ ಇಂಗ್ಲಿಷನಿಗೂ ಒಂದೇ.

ಥೇಮ್ಸ್ ಎಂದಾಗ ಒಂದು ಪ್ರಸಂಗ ಹೇಳಲೇಬೇಕು. ಕಡಲಿನ ಕಡೆಯವರಿಗೆ ಇದು ಬೇಗ ಅರ್ಥವಾಗುತ್ತದೆ. ಇಂಗ್ಲೆಂಡಿಗೆ ಮುದ್ರಣಯಂತ್ರ ತಂದ ವಿಲಿಯಂ ಕ್ಯಾಕ್ಸ್‌ಟನ್ 1490ರಲ್ಲಿ ಅಚ್ಚು ಮಾಡಿದ ಒಂದು ಪುಸ್ತಕದ ಮುನ್ನುಡಿಯಲ್ಲಿ ಇದನ್ನು ಬರೆದಿದ್ದಾನೆ. ಕೆಲವು ವ್ಯಾಪಾರಿಗಳು ಹಡಗಿನಲ್ಲಿ ಹೊರಟಿದ್ದರು. ಗಾಳಿ ಇಲ್ಲದೆ ಹಡಗು ನಿಂತಿತು. ಊಟಕ್ಕೆ ಏನಾದರೂ ಸಿಗಬಹುದೆಂದು ದಡಕ್ಕೆ ಇಳಿದು ಒಂದು ಮನೆಯಲ್ಲಿ ಒಬ್ಬ 'ಎಗ್ಸ್' ಕೇಳಿದ. ಮನೆಯಾಕೆ ತನಗೆ ಫ್ರೆಂಚ್ ಬರುವುದಿಲ್ಲ ಅಂದಳು. ಅವನಿಗೆ ಸಿಟ್ಟು ಬಂತು, ಯಾಕೆಂದರೆ ಅವನಿಗೂ ಫ್ರೆಂಚ್ ಬರುತ್ತಿರಲಿಲ್ಲ. ಕೊನೆಗೆ ಇನ್ನೊಬ್ಬ 'ಐರೆನ್' ಎಂದು ಕೇಳಿದ ಮೇಲೆ ಆಕೆಗೆ ಮೊಟ್ಟೆ ಎಂದು ತಿಳಿಯಿತು. ಈ ಐರೆನ್ ಚಿಲ್ಡ್ರನ್ನಿನ ಒಡಹುಟ್ಟು, ಎರಡು ಸಲ ಬಹುವಚನವಾದದ್ದು. ಒಂದೇ ದೇಶದ ಎರಡು ಕಡೆಯವರಿಗೆ ಮೊಟ್ಟೆಯ ಬಹುವಚನದಲ್ಲಿ ಒಮ್ಮತ ಇರಲಿಲ್ಲ. ಕ್ಯಾಕ್ಸ್‌ಟನ್ನನ ಚಿಂತೆ, ಇವೆರಡರಲ್ಲಿ ತಾನು ಯಾವುದನ್ನು ಅಚ್ಚು ಹಾಕಲಿ ಎಂಬುದು. ಎಗ್ಸ್ ಗೆದ್ದಿತು, ಐರೆನ್ ಸತ್ತಿತು. ಹಾಗೆಯೇ ಕಣ್ಣುಗಳಿಗೆ ಇದ್ದ 'ಐಯೆನ್', ಬೂಟುಗಳಿಗೆ ಇದ್ದ 'ಶೂನ್' ಎಲ್ಲವೂ ಎಸ್ ಪ್ರವಾಹದಲ್ಲಿ ಕೊಚ್ಚಿಹೋದವು. ದಡದಲ್ಲಿ ಉಳಿದ ಆ ಹಳೆಯ ಎನ್ ಪೈಕಿ ಆಕ್ಸನ್ ಒಂದು. ಅದನ್ನು ನೋಡಿದಾಗ ನನಗೆ ಎತ್ತಿನ ಜೋಡಿಗಿಂತ ಮುಳುಗಿದ ಹಡಗಿನ ಕೂವೆಮರ ನೆನಪಾಗುತ್ತದೆ.

ಈಗ ಗೂಸ್-ಗೀಸ್ ಮನೆಗೆ ಬರೋಣ. ಇದರ ಸದಸ್ಯರು ಏಳೇ: ಮ್ಯಾನ್, ವುಮನ್, ಫುಟ್, ಟೂತ್, ಗೂಸ್, ಮೌಸ್, ಲೌಸ್. ಮಧ್ಯದ ಸ್ವರ ಬದಲಾಗುತ್ತದೆ, ಕೊನೆಗೆ ಏನೂ ಸೇರುವುದಿಲ್ಲ. ಆದರೆ ಮೊದಲು ಕೊನೆಗೆ ಸೇರುತ್ತಿತ್ತು! ಬಹಳ ಹಿಂದೆ, ಇಂಗ್ಲಿಷ್ ಬರವಣಿಗೆಗೆ ಬರುವ ಮುಂಚೆ, ಪಾದ 'ಫೋಟ್' ಆಗಿದ್ದಾಗ ಪಾದಗಳು 'ಫೋಟಿಜ್' ಎಂಬ ಹಾಗಿನ ಉಚ್ಚಾರದಲ್ಲಿತ್ತು. ಮುಂದೆ 'ಇ' ಬರುತ್ತದೆ ಎಂದು ಗೊತ್ತಿದ್ದ ನಾಲಿಗೆ ಹಿಂದಿನ 'ಓ' ಹೇಳುವಾಗಲೇ ಮುಂದಕ್ಕೆ ಜರುಗಿ ಸಿದ್ಧವಾಗುತ್ತಿತ್ತು. ಹಾಗಾಗಿ ಓ ಬದಲಾಗುತ್ತ ಏ ಆಯಿತು. ಆಮೇಲೆ ಕೊನೆಯ 'ಇಜ್' ಉದುರಿಹೋಯಿತು. ಕೆಲಸ ಮಾಡಿಸಿದವ ಹೋದ, ಮಾಡಿದ ಕೆಲಸ ಉಳಿಯಿತು. ಆ ಫೇಟ್ ಮುಂದೆ ಫೀಟ್ ಆಯಿತು.

ನಾಲಿಗೆಯ ಈ ಮುಂದಾಲೋಚನೆ ಕನ್ನಡಕ್ಕೆ ಹೊಸದಲ್ಲ. ನಮ್ಮ 'ಕಿವಿ'ಯನ್ನೇ ಮುಟ್ಟಿ ನೋಡಿ. ತಮಿಳು, ತೆಲುಗಿನಲ್ಲಿ ಅದು ಚೆವಿ. ಮೂಲದಲ್ಲಿ ಎಕಾರ ಇತ್ತು. ಕನ್ನಡದವರು ಮುಂದಿನ 'ವಿ'ಗೆ ನಾಲಿಗೆಯನ್ನು ಅಣಿಗೊಳಿಸುತ್ತ ಮೊದಲ ಅಕ್ಷರವನ್ನೂ ಇಕಾರಕ್ಕೆ ಎಳೆದುಕೊಂಡರು. ಫುಟ್ ಫೀಟ್ ಆದದ್ದೂ ಕೆವಿ ಕಿವಿ ಆದದ್ದೂ ಒಂದೇ ಜಾತಿಯ ಸೋಮಾರಿತನ. ಸೋಮಾರಿತನ ಅನ್ನಬಾರದೇನೋ, ಮಿತವ್ಯಯ ಅನ್ನೋಣ.

ಈ ಮನೆ ಮೊದಲು ದೊಡ್ಡದಿತ್ತು. ಪುಸ್ತಕಕ್ಕೂ ಹೀಗೆ ಸ್ವರ ಬದಲಾಗುವ ಬಹುವಚನ ಇತ್ತು: ಒಂದು 'ಬೋಕ್', ಹಲವು 'ಬೇಚ್'. ಆಡಿಗೂ ಇತ್ತು. ಅವೆಲ್ಲ ಎಸ್ ಮನೆಗೆ ಸೊಸೆಯಾಗಿ ಹೋದವು. ಉಳಿದ ಏಳನ್ನು ಗಮನಿಸಿ: ಗಂಡಸು, ಹೆಂಗಸು, ಕಾಲು, ಹಲ್ಲು, ಮನೆಯಂಗಳದ ಬಾತು, ಅಟ್ಟದ ಇಲಿ, ತಲೆಯ ಹೇನು. ದಿನಾ ಬಾಯಲ್ಲಿ ಓಡಾಡುವ ಪದಗಳಿಗೆ ಹಳೆಯ ರೂಪ ಮರೆಯುವುದಿಲ್ಲ. ಅಪರೂಪಕ್ಕೆ ಬಳಸುವ ಪದದ ಹಳೆಯ ರೂಪ ಮರೆತು ಮಾಮೂಲಿ ನಿಯಮ ಅಂಟಿಕೊಳ್ಳುತ್ತದೆ. ಅದಕ್ಕೇ ಯಾವ ಭಾಷೆಯಲ್ಲಾದರೂ ಹೊಸಬನಿಗೆ ಮೊದಲ ವಾರವೇ ಎದುರಾಗುವುದು ಇಂಥ ಹಟಮಾರಿ ಪದಗಳು. ನಮ್ಮ ಹಾಸ್ಟೆಲಿನಲ್ಲಿ ಕನ್ನಡ ಕಲಿಯುತ್ತಿರುವ ಉತ್ತರ ಭಾರತದ ಗೆಳೆಯನೊಬ್ಬನಿದ್ದಾನೆ. ಮರ-ಮರಗಳು, ಬಾಗಿಲು-ಬಾಗಿಲುಗಳು ಎಂದು ಖುಷಿಯಿಂದ ಕಲಿತ. ಆಮೇಲೆ 'ಅಣ್ಣಗಳು', 'ಹುಡುಗಗಳು' ಎಂದ. ಅಣ್ಣಂದಿರು, ಹುಡುಗರು, ತಾಯಂದಿರು, ಹೆಂಗಸರು ಎಂದು ಹೇಳಿಕೊಟ್ಟೆವು. ಮಗ ಎಂಬುದಕ್ಕೆ ಮಕ್ಕಳು ಎಂದಾಗ ಅವನು ಪುಸ್ತಕ ಮುಚ್ಚಿದ. ಈ ಪ್ರತ್ಯಯಗಳ ಲೆಕ್ಕ ಬರೆದಿಡಲು ಹದಿಮೂರನೇ ಶತಮಾನದಲ್ಲೇ ಕೇಶಿರಾಜ ತನ್ನ ಶಬ್ದಮಣಿದರ್ಪಣದಲ್ಲಿ ಸೂತ್ರಗಳನ್ನು ಮಾಡಬೇಕಾಯಿತು. ನಮಗೆ ಮಾತ್ರ ಯಾವ ಸೂತ್ರವೂ ಬೇಕಾಗಲಿಲ್ಲ, ಅಂಗಳದಲ್ಲಿ ಆಡುತ್ತ ಬಂದುಬಿಟ್ಟಿತು.

ಇಂಗ್ಲಿಷ್ ಮನೆಮಾತಿನ ಪುಟ್ಟ ಮಕ್ಕಳೂ 'ಫುಟ್ಸ್', 'ಮೌಸಸ್' ಅನ್ನುತ್ತಾರೆ. ಅಮೆರಿಕದ ಜೀನ್ ಬರ್ಕೊ ಎಂಬ ಸಂಶೋಧಕಿ 1958ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಈ ವಿಷಯದಲ್ಲಿ ಪ್ರಸಿದ್ಧ. ಎಲ್ಲೂ ಇಲ್ಲದ ಪುಟ್ಟ ಪ್ರಾಣಿಯೊಂದರ ಚಿತ್ರ ಬರೆದು ಅದಕ್ಕೆ 'ವಗ್' ಎಂದು ಹೆಸರಿಟ್ಟು, ಎರಡಿದ್ದರೆ ಏನೆನ್ನುತ್ತೀರಿ ಎಂದು ಮಕ್ಕಳನ್ನು ಕೇಳಿದರು. ಎಂದೂ ಕೇಳಿರದ ಪದಕ್ಕೂ ಮಕ್ಕಳು 'ವಗ್ಸ್' ಎಂದರು. ಮಕ್ಕಳು ಪದಗಳನ್ನು ಬರೀ ಗಿಳಿಪಾಠ ಮಾಡುವುದಿಲ್ಲ, ನಿಯಮವನ್ನು ಹಿಡಿಯುತ್ತಾರೆ ಎಂಬುದಕ್ಕೆ ಅದು ಸಾಕ್ಷಿ. 'ಫುಟ್ಸ್' ಎಂದವನಿಗೆ ನಿಯಮ ಬಂದಿದೆ, ಇತಿಹಾಸ ಬಂದಿಲ್ಲ.

ನೈಫ್-ನೈವ್ಸ್, ಲೀಫ್-ಲೀವ್ಸ್, ವುಲ್ಫ್-ವುಲ್ವ್ಸ್, ಹಾಫ್-ಹಾವ್ಸ್ ಎಂಬ ಮನೆಗೆ ಕೀಲಿಕೈ ಕನ್ನಡ ಮಾಧ್ಯಮದವರ ಜೇಬಿನಲ್ಲೇ ಇದೆ. ಆದೇಶ ಸಂಧಿ ನೆನಪಿದೆಯೇ? ಮಳೆ, ಕಾಲ ಸೇರಿದರೆ ಮಳೆಕಾಲ ಅಲ್ಲ, ಮಳೆಗಾಲ. ಬೆಟ್ಟ, ತಾವರೆ ಸೇರಿದರೆ ಬೆಟ್ಟದಾವರೆ. ಸ್ವರಗಳ ನಡುವೆ ಸಿಕ್ಕ ಕ, ತ ಗಡುಸು ಕಳೆದುಕೊಂಡು ಗ, ದ ಆಗುತ್ತವೆ. ಗಂಟಲಿನ ನಾದ ಎರಡೂ ಕಡೆ ಇರುವಾಗ ನಡುವೆ ಒಂದು ಕ್ಷಣ ಅದನ್ನು ನಿಲ್ಲಿಸಿ ಮತ್ತೆ ಶುರು ಮಾಡುವುದು ನಾಲಿಗೆಗೆ ಬೇಸರ. ಹಳೆಯ ಇಂಗ್ಲಿಷಿನಲ್ಲೂ ಇದೇ ಆಯಿತು. ಏಕವಚನದಲ್ಲಿ ಪದದ ಕೊನೆಯಲ್ಲಿದ್ದ ಎಫ್ ಸದ್ದು ಎಫ್ ಆಗಿಯೇ ಉಳಿಯಿತು. ಬಹುವಚನದಲ್ಲಿ ಅದರ ಮುಂದೆ ಇನ್ನೊಂದು ಸ್ವರ ಬರುತ್ತಿದ್ದ ಕಾರಣ ಅದು ಮೆತ್ತಗಾಗಿ ವಿ ಆಯಿತು. ಮಳೆಗಾಲ ಬಲ್ಲವನಿಗೆ ನೈವ್ಸ್ ಕಷ್ಟವಾಗಬಾರದು.

ಹಾಗಾದರೆ ಚೀಫ್ ಯಾಕೆ ಚೀವ್ಸ್ ಆಗಲಿಲ್ಲ, ಪ್ರೂಫ್ ಯಾಕೆ ಪ್ರೂವ್ಸ್ ಆಗಲಿಲ್ಲ? ಮುಂಗುಸಿಯ ಕಥೆಯೇ. ಚೀಫ್, ಪ್ರೂಫ್, ಬ್ರೀಫ್, ಗಲ್ಫ್ ಎಲ್ಲ ಫ್ರೆಂಚ್ ದಾರಿಯಿಂದ ಆಮೇಲೆ ಬಂದ ನೆಂಟರು. ಅವಕ್ಕೆ ಚೀಫ್ಸ್, ಪ್ರೂಫ್ಸ್ ಅಷ್ಟೇ. ರೂಫ್ ಮಾತ್ರ ಮನೆಯವನೇ ಆಗಿದ್ದೂ ರೂಫ್ಸ್ ಎನಿಸಿಕೊಳ್ಳುತ್ತದೆ. ಅದೊಂದನ್ನು ಬಾಯಿಪಾಠ ಮಾಡಿ ಬಿಡಿ.

ಇನ್ನು ನಮ್ಮೂರಿಗೆ ಹತ್ತಿರದ ಮನೆ. ಬೇಲೆಕೇರಿಯಲ್ಲಿ ದೋಣಿ ದಡ ಸೇರಿದಾಗ ಯಾರೂ 'ಮೀನುಗಳು ಬಂದವು' ಅನ್ನುವುದಿಲ್ಲ. ಮೀನು ಬಂತು. ಬುಟ್ಟಿಯಲ್ಲಿ ನೂರು ಬಂಗಡೆ ಇದ್ದರೂ ಬಂಗಡೆ, ಹತ್ತು ಇದ್ದರೂ ಬಂಗಡೆ. ನೂರು ಬಂಗಡೆಗಳು ಎಂದರೆ ಪುಸ್ತಕ ಓದುತ್ತಿದ್ದಾನೆ ಅಂದುಕೊಳ್ಳುತ್ತಾರೆ. ಕನ್ನಡದಲ್ಲಿ ಮನುಷ್ಯರಲ್ಲದ್ದಕ್ಕೆ, ಅದರಲ್ಲೂ ಹಿಂದೆ ಸಂಖ್ಯೆ ಇದ್ದಾಗ, ಬಹುವಚನ ಕಡ್ಡಾಯವಲ್ಲ. ನಾಲ್ಕು ಮರ, ಎರಡು ದೋಣಿ, ಐದು ತೆಂಗಿನಕಾಯಿ. ಸಂಖ್ಯೆ ಹೇಳಿದ ಮೇಲೆ ಮತ್ತೆ ಗಳು ಯಾಕೆ ಎಂಬುದು ನಮ್ಮ ಲೆಕ್ಕಾಚಾರ. ಇಂಗ್ಲಿಷಿಗೆ ಆ ಲೆಕ್ಕಾಚಾರ ಇಲ್ಲ, ಟೂ ಬೋಟ್ಸ್ ಅನ್ನಲೇಬೇಕು. ನಮ್ಮವರು ಮಾತಿನ ಭರದಲ್ಲಿ 'ಟೂ ಬೋಟ್', 'ಫೈವ್ ಸ್ಟೂಡೆಂಟ್' ಎಂದು ಎಸ್ ನುಂಗುವುದಕ್ಕೆ ಒಂದು ಕಾರಣ ಇದೇ. ಅದು ದಡ್ಡತನ ಅಲ್ಲ, ಕನ್ನಡದ ಒಳ್ಳೆಯ ಅಭ್ಯಾಸವೊಂದು ತಪ್ಪು ಜಾಗದಲ್ಲಿ ಇಣುಕುವುದು.

ನಮ್ಮ ಕಡೆ ಕೊಂಕಣಿ ಮನೆಮಾತಿನವರಿಗೆ ಇನ್ನೊಂದು ಅನುಕೂಲ. ಏಕ್ ಘೋಡೊ, ದೋನ್ ಘೋಡೆ. ಏಕ್ ಘರ್, ದೋನ್ ಘರಾಂ. ಆದರೆ ಏಕ್ ಹಾತ್, ದೋನ್ ಹಾತ್. ಕೈ ಒಂದಾದರೂ ಎರಡಾದರೂ ರೂಪ ಬದಲಾಗದು. ಅವರಿಗೆ ಶೀಪ್-ಶೀಪ್ ವಿಚಿತ್ರ ಅನಿಸಬೇಕಾಗಿಲ್ಲ.

ಶೀಪ್ ಮತ್ತು ಡಿಯರ್ ಹಳೆಯ ಇಂಗ್ಲಿಷಿನಿಂದಲೇ ಹಾಗೆ, ಅವುಗಳ ಗುಂಪಿನ ಪದಗಳಿಗೆ ಬಹುವಚನ ಪ್ರತ್ಯಯ ಇರಲಿಲ್ಲ. ಫಿಶ್‌ಗೆ ಮಾತ್ರ ಆಗ ಎಲ್ಲರ ಹಾಗೆ ಪ್ರತ್ಯಯ ಸೇರುತ್ತಿತ್ತು! ಬೇಟೆಗಾರರೂ ಮೀನುಗಾರರೂ ಹಿಡಿದದ್ದನ್ನು ಒಂದೊಂದಾಗಿ ನೋಡದೆ ರಾಶಿಯಾಗಿ ನೋಡುತ್ತಾರಲ್ಲ, ಆ ನೋಟ ಫಿಶ್‌ಗೂ ಅಂಟಿತು. ಮ್ಯಾಕೆರೆಲ್, ಅಂದರೆ ನಮ್ಮ ಬಂಗಡೆ, ಇಂಗ್ಲಿಷಿನಲ್ಲೂ ಎಷ್ಟಿದ್ದರೂ ಸಾಮಾನ್ಯವಾಗಿ ಮ್ಯಾಕೆರೆಲ್. ಆದರೆ ತಾರ್ಲೆಗೆ ಸಾರ್ಡೀನ್ಸ್, ಏಡಿಗೆ ಕ್ರ್ಯಾಬ್ಸ್, ಸಿಗಡಿಗೆ ಪ್ರಾನ್ಸ್. ಇದರಲ್ಲಿ ಪೂರಾ ತರ್ಕ ಹುಡುಕಬೇಡಿ.

ಫಿಶಸ್ ತಪ್ಪೇ? ತಪ್ಪಲ್ಲ, ಆದರೆ ಅರ್ಥ ಬೇರೆ. ಫಿಶಸ್ ಎಂದರೆ ಮೀನಿನ ಬೇರೆ ಬೇರೆ ಜಾತಿಗಳು. ಫ್ರಾನ್ಸಿಸ್ ಡೇ 1875ರಿಂದ 1878ರವರೆಗೆ ಹೊರತಂದ, ಭಾರತದ ಮೀನುಗಳ ಬಗ್ಗೆ ಇಂದಿಗೂ ಉಲ್ಲೇಖಿಸುವ ಗ್ರಂಥದ ಹೆಸರೇ 'ದಿ ಫಿಶಸ್ ಆಫ್ ಇಂಡಿಯಾ'. ಕಾರವಾರದಲ್ಲಿ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರವಿದೆ, ಕರ್ನಾಟಕ ವಿಶ್ವವಿದ್ಯಾಲಯದ ಸಾಗರ ಜೀವಶಾಸ್ತ್ರ ವಿಭಾಗವೂ ಇದೆ. ಜಾತಿವಾರು ಪಟ್ಟಿ ಮಾಡುವ ವಿಜ್ಞಾನಿಗೆ ಬೇಕಾದದ್ದು ಫಿಶಸ್, ಕಿಲೋ ಲೆಕ್ಕದಲ್ಲಿ ಮಾರುವವರಿಗೆ ಫಿಶ್ ಸಾಕು.

ಕಾರವಾರದ ಟಾಗೋರ್ ಕಡಲತೀರದಲ್ಲಿ ಚಾಪಲ್ ಯುದ್ಧನೌಕೆಯ ವಸ್ತುಸಂಗ್ರಹಾಲಯ ನೋಡಿದವರಿಗೆ ಅಲ್ಲಿಯೇ ನಿಲ್ಲಿಸಿರುವ ನೌಕಾಪಡೆಯ ಟುಪೋಲೆವ್ ವಿಮಾನವೂ ಗೊತ್ತಿರುತ್ತದೆ. ಆ ವಿಮಾನ ಏರ್‌ಕ್ರಾಫ್ಟ್. ನಮ್ಮ ಪಕ್ಕದ ಅಲಗೇರಿಗೆ ಬರುತ್ತದೆಂದು ವರ್ಷಗಳಿಂದ ಹೇಳುತ್ತಿರುವ ವಿಮಾನ ನಿಲ್ದಾಣ ಬಂದು, ದಿನಕ್ಕೆ ಹತ್ತು ಇಳಿದರೂ ಅವು ಏರ್‌ಕ್ರಾಫ್ಟ್ ಆಗಿಯೇ ಇಳಿಯುತ್ತವೆ. ಸ್ಪೇಸ್‌ಕ್ರಾಫ್ಟ್, ಹೋವರ್‌ಕ್ರಾಫ್ಟ್ ಕೂಡ ಅಷ್ಟೇ. ಏರ್‌ಕ್ರಾಫ್ಟ್ಸ್ ಎಂದು ಬರೆದ ರೆಸ್ಯೂಮೆಗಳನ್ನು ಏರೋನಾಟಿಕಲ್ ವಿಭಾಗದವರ ಬಳಿಯೇ ಕಂಡಿದ್ದೇನೆ.

ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ನಿತ್ಯ ಕಾಟ ಕೊಡುವುದು ಕೊನೆಯ ಮನೆ, ಲ್ಯಾಟಿನ್ ಮತ್ತು ಗ್ರೀಕ್ ಬಾಡಿಗೆದಾರರದು. ಇವರು ಬರುವಾಗ ತಮ್ಮ ಊರಿನ ಬಹುವಚನವನ್ನೂ ಗಂಟುಮೂಟೆಯಲ್ಲಿ ಕಟ್ಟಿಕೊಂಡು ಬಂದವರು. ರೇಡಿಯಸ್-ರೇಡಿಯೈ, ಲೋಕಸ್-ಲೋಸೈ, ಮ್ಯಾಟ್ರಿಕ್ಸ್-ಮ್ಯಾಟ್ರಿಸೀಸ್, ವರ್ಟೆಕ್ಸ್-ವರ್ಟಿಸೀಸ್, ಅನಾಲಿಸಿಸ್-ಅನಾಲಿಸೀಸ್, ಕ್ರೈಟೀರಿಯನ್-ಕ್ರೈಟೀರಿಯ, ಫಿನಾಮಿನನ್-ಫಿನಾಮಿನ. ಇಲ್ಲಿ ಬಾಲ ನೋಡಿ ಗುರುತು ಹಿಡಿದರಾಯಿತು: ಇಸ್ ಇದ್ದರೆ ಈಸ್, ಗ್ರೀಕಿನ ಆನ್ ಇದ್ದರೆ ಅ, ಲ್ಯಾಟಿನ್ನಿನ ಅಮ್ ಇದ್ದರೆ ಅದಕ್ಕೂ ಅ. 'ದಿಸ್ ಕ್ರೈಟೀರಿಯ', 'ಎ ಫಿನಾಮಿನ' ಎಂದು ಪ್ರಾಜೆಕ್ಟ್ ವರದಿಯಲ್ಲಿ ಬರೆಯುವುದು ಬಹಳ ಸಾಮಾನ್ಯ, ಒಂದಕ್ಕೆ ಕ್ರೈಟೀರಿಯನ್ ಎಂದಷ್ಟೇ ನೆನಪಿಟ್ಟರೆ ಅದು ತಪ್ಪುತ್ತದೆ. ಆಕ್ಸಿಸ್‌ನ ಬಹುವಚನ ಮತ್ತು ಕೊಡಲಿಯ ಬಹುವಚನ ಎರಡಕ್ಕೂ ಕಾಗುಣಿತ ಒಂದೇ. ಗ್ರಾಫಿನ ಅಕ್ಷಗಳನ್ನು ಓದುವಾಗ ಕೊನೆಯನ್ನು ಎಳೆದು 'ಆಕ್ಸೀಸ್' ಅನ್ನಬೇಕು.

ಈ ಬಾಡಿಗೆದಾರರೂ ನಿಧಾನವಾಗಿ ಸ್ಥಳೀಯರಾಗುತ್ತಿದ್ದಾರೆ. ಫಾರ್ಮುಲೇ ಜೊತೆಗೆ ಫಾರ್ಮುಲಾಸ್ ಈಗ ಸಲೀಸಾಗಿ ನಡೆಯುತ್ತದೆ. ಕೆಲವು ಕಡೆ ಎರಡು ರೂಪಗಳು ಕೆಲಸ ಹಂಚಿಕೊಂಡಿವೆ. ಕೀಟದ ಮೀಸೆಗಳು ಆಂಟೆನೇ, ಎಲೆಕ್ಟ್ರಾನಿಕ್ಸ್‌ನವರದು ಆಂಟೆನಾಸ್. ಗಣಿತದಲ್ಲಿ ಇಂಡಿಸೀಸ್, ಡೇಟಾಬೇಸ್ ಪಾಠದಲ್ಲಿ ಇಂಡೆಕ್ಸಸ್. ಡೇಟಾ ಮೂಲದಲ್ಲಿ ಡೇಟಮ್‌ನ ಬಹುವಚನ, ಆದರೆ ಇಂದು 'ಡೇಟಾ ಈಸ್', 'ಡೇಟಾ ಆರ್' ಎರಡನ್ನೂ ಒಪ್ಪುತ್ತಾರೆ. ಒಂದು ವರದಿಯಲ್ಲಿ ಒಂದನ್ನೇ ಹಿಡಿದುಕೊಳ್ಳಿ ಸಾಕು. ಅಜೆಂಡಾ ಕೂಡ ಲ್ಯಾಟಿನ್ ಬಹುವಚನವೇ, ಈಗ ಅದು ಏಕವಚನವಾಗಿ ಅಜೆಂಡಾಸ್ ಎಂದು ಮಕ್ಕಳನ್ನು ಹೆತ್ತಿದೆ.

ನಾವು ದಿನಾ ಹತ್ತುವ ಬಸ್ಸಿನ ಕಥೆ ಇವೆಲ್ಲಕ್ಕಿಂತ ತಮಾಷೆ. ಲ್ಯಾಟಿನ್ನಿನಲ್ಲಿ 'ಆಮ್ನಿಬಸ್' ಎಂದರೆ ಎಲ್ಲರಿಗಾಗಿ. 'ಆಮ್ನಿ' ಎಂಬ ಎಲ್ಲರೂ ಇಳಿದುಹೋಗಿ, ಉಳಿದದ್ದು ಬಸ್ ಎಂಬ ಬರೀ ಬಹುವಚನದ ವಿಭಕ್ತಿ ಪ್ರತ್ಯಯ. ಅದಕ್ಕೆ ಇಂಗ್ಲಿಷರು ಇನ್ನೊಂದು ಬಹುವಚನ ಹಚ್ಚಿ ಬಸಸ್ ಮಾಡಿದರು, ನಾವು ಬಸ್ಸುಗಳು ಮಾಡಿದೆವು. ಅದೇ ಬಸ್ಸಿನಲ್ಲಿ ಕಂಡಕ್ಟರ್ 'ಒಬ್ರು ಲೇಡೀಸ್ ಇಳೀತಾರೆ' ಎನ್ನುವುದನ್ನು ಕೇಳಿರುತ್ತೀರಿ. ಪರಭಾಷೆಯ ಬಹುವಚನ ನಮಗೆ ಏಕವಚನವಾಗಿಬಿಟ್ಟಿದೆ. ಇಂಗ್ಲಿಷರು ಇದರ ತಿರುಗುಮುರುಗು ಮಾಡಿದ್ದಾರೆ. ಬಟಾಣಿಗೆ ಮೊದಲಿದ್ದ 'ಪೀಸ್' ಎಂಬ ಪದದ ಕೊನೆಯ ಸದ್ದನ್ನು ಬಹುವಚನದ ಎಸ್ ಎಂದುಕೊಂಡು, ಅದನ್ನು ಕಿತ್ತು 'ಪೀ' ಎಂಬ ಹೊಸ ಏಕವಚನ ಹುಟ್ಟಿಸಿದರು. ಚೆರ್‍ರಿ ಹಣ್ಣಿಗೂ ಹೀಗೇ ಆಯಿತು. ಅವರು ಮಾಡಿದ್ದು ನಿಘಂಟು ಸೇರಿತು, ನಮ್ಮ ಕಂಡಕ್ಟರ್ ಮಾಡಿದ್ದಕ್ಕೆ ನಗುತ್ತೇವೆ.

ಕೆಲಸ ಹುಡುಕುವವರಿಗೆ ನನ್ನದೊಂದು ಅಭಿಪ್ರಾಯ. ಲೌಸ್-ಲೈಸ್ ಮೇಲೆ ಕಳೆಯುವ ಹೊತ್ತನ್ನು ಬಹುವಚನವೇ ಇಲ್ಲದ ಪದಗಳ ಮೇಲೆ ಕಳೆಯಿರಿ. ಸಂದರ್ಶನದಲ್ಲಿ ಹೇನಿನ ಪ್ರಸ್ತಾಪ ಬರುವುದಿಲ್ಲ. ಇನ್ಫರ್ಮೇಶನ್, ಎಕ್ವಿಪ್‌ಮೆಂಟ್, ಸಾಫ್ಟ್‌ವೇರ್, ಫರ್ನಿಚರ್, ಫೀಡ್‌ಬ್ಯಾಕ್, ಅಡ್ವೈಸ್, ಮಷಿನರಿ ಪ್ರತಿ ನಿಮಿಷಕ್ಕೂ ಬರುತ್ತವೆ, ಅವಕ್ಕೆ ನಾವು ಎಸ್ ಹಚ್ಚಿಬಿಡುತ್ತೇವೆ. ಬ್ಯಾಂಕ್, ಎಸ್‌ಎಸ್‌ಸಿ ಪರೀಕ್ಷೆಗಳಲ್ಲಿ ತಪ್ಪು ಗುರುತಿಸುವ ಪ್ರಶ್ನೆಗಳಿಗೂ ಇವು ಅಚ್ಚುಮೆ‌ಚ್ಚು. 'ಒನ್ ಆಫ್ ಮೈ ಫ್ರೆಂಡ್' ಎಂಬಲ್ಲಿ ಎಸ್ ಬಿಡುವುದು ಇನ್ನೊಂದು.

ಎಣಿಸಲಾಗದ ಪದವನ್ನು ಅರ್ಥ ಮಾಡಿಕೊಳ್ಳಲು ಬೇಲೆಕೇರಿಯ ಹೆಸರು ದೇಶಕ್ಕೆಲ್ಲ ಗೊತ್ತಾದ ಕಾರಣವೇ ಸಾಕು. 2010ರ ಅದಿರು ಹಗರಣದ ಇಂಗ್ಲಿಷ್ ವರದಿಗಳನ್ನು ತೆಗೆದು ಓದಿ. ನಮ್ಮ ಬಂದರಿನಿಂದ ಹೋದದ್ದು 'ಐರನ್ ಓರ್'. ಎಷ್ಟೇ ಲಕ್ಷ ಟನ್ ಆದರೂ ಓರ್ ಓರ್ ಆಗಿಯೇ ಉಳಿಯುತ್ತದೆ, ಎಸ್ ಸೇರುವುದು ಟನ್‌ಗೆ. ಅಳತೆಗೆ ಬಹುವಚನ, ಸರಕಿಗಿಲ್ಲ. ಇನ್ಫರ್ಮೇಶನ್‌ಗೂ ಅದೇ: ಪೀಸಸ್ ಆಫ್ ಇನ್ಫರ್ಮೇಶನ್. ಎಕ್ವಿಪ್‌ಮೆಂಟ್‌ಗೂ ಅದೇ. ಓರ್ಸ್ ಎಂದರೆ ಕಬ್ಬಿಣ, ಮ್ಯಾಂಗನೀಸ್ ಎಂದು ಬೇರೆ ಬೇರೆ ಬಗೆಯ ಅದಿರುಗಳು, ಫಿಶಸ್ ಹಾಗೆಯೇ.

ನಿಘಂಟೇ ಇನ್ನೂ ತೀರ್ಮಾನ ಮಾಡದ ಪದಗಳಿಗೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. 2023ರಲ್ಲಿ ಭೌಗೋಳಿಕ ಗುರುತು ಪಡೆದ ಅಂಕೋಲಾದ ಕರಿ ಇಶಾಡ ಮಾವಿನ ಬಗ್ಗೆ ಇಂಗ್ಲಿಷಿನಲ್ಲಿ ಬರೆಯುವಾಗ ಮ್ಯಾಂಗೋ ಮುಂದೆ ಇ ಸೇರಿಸಿ ಎಸ್ ಹಾಕಿದರೂ ಸರಿ, ಬರೀ ಎಸ್ ಹಾಕಿದರೂ ಸರಿ. ಕಂಪ್ಯೂಟರಿನ ಮೌಸ್ ಹಲವಾದರೆ ಮೈಸ್ ಅನ್ನುವವರೂ ಇದ್ದಾರೆ, ಮೌಸಸ್ ಅನ್ನುವವರೂ ಇದ್ದಾರೆ, ನಿಘಂಟುಗಳು ಎರಡನ್ನೂ ಕೊಡುತ್ತವೆ. ನಮ್ಮ ಲ್ಯಾಬಿನ ಸ್ಟಾಕ್ ರಿಜಿಸ್ಟರಿನಲ್ಲಿ ಮಾತ್ರ ಈ ಜಗಳವೇ ಇಲ್ಲ. ಅಲ್ಲಿ ಬರೆದಿರುವುದು 'ಮೌಸ್ – 30 ನಂಬರ್ಸ್'.